ಕೊಯ್ಲು ಮುಗಿದ ಮೇಲೆ

ಸಂಜೆಯ ಹೊತ್ತು ಕಾನ್ವೆಂಟಿನ ಕಡೆಯಿಂದ ಒಂದು ದನಿ ನಮ್ಮ ತೋಟಕ್ಕೆ ಇಳಿದು ಬರುತ್ತಿತ್ತು. ಹಾಡು ಎನ್ನುವ ಹಾಗಿಲ್ಲ, ಮಾತು ಎನ್ನುವ ಹಾಗೂ ಇಲ್ಲ. ಮೂವರು ಹೆಂಗಸರು ಒಟ್ಟಿಗೆ ಏರಿ, ಒಟ್ಟಿಗೆ ಇಳಿದು, ಪ್ರತಿ ಸಾಲಿನ ಕೊನೆಯನ್ನು ಸ್ವಲ್ಪ ಎಳೆದು ನಿಲ್ಲಿಸುತ್ತಿದ್ದರು. ಮೊದಲ ದಿನ ಪಕ್ಕದ, ತೋಟದ ಲೆಕ್ಕ ಬರೆಯುವ ರೈಟರ್ ಮನೆಯ ರೇಡಿಯೋದಲ್ಲಿ ಯಾವುದೋ ಪರದೇಶದ ಸ್ಟೇಷನ್ ಸಿಕ್ಕಿರಬೇಕು ಅಂದುಕೊಂಡೆ. ಅದು ರೋಸರಿ, ಜಪಸರದ ಪ್ರಾರ್ಥನೆ, ಎಂದು ತಿಳಿದದ್ದು ಆಮೇಲೆ. ನಾವು ಜಪಸರವನ್ನು ಗಡಗಡ ಹೇಳಿ ಮುಗಿಸಿ ಅಡುಗೆಮನೆಗೆ ಓಡುವವರು. ಅವರ ದೇಶದ ಹಳ್ಳಿಗಳಲ್ಲಿ ಇಡೀ ಚರ್ಚು ಹಾಗೆ ರಾಗವಾಗಿಯೇ ಪ್ರಾರ್ಥನೆ ಹೇಳುತ್ತದಂತೆ.

ಅವರು ವಿಯೆಟ್ನಾಮಿನಿಂದ ಬಂದ ಸಿಸ್ಟರುಗಳು. ಬೆಂಗಳೂರಿನಲ್ಲಿ ಓದುತ್ತಿದ್ದವರನ್ನು ಇಂಗ್ಲಿಷ್ ಸುಧಾರಿಸಲಿ, ಹಳ್ಳಿಯ ಕೆಲಸವೂ ಗೊತ್ತಾಗಲಿ ಎಂದು ಮೂಡಿಗೆರೆ ಕಡೆಯ ನಮ್ಮ ಸಣ್ಣ ಪ್ಯಾರಿಶ್‌ಗೆ ಕಳಿಸಿದ್ದರು. ಕಳಿಸಿದ ಕಾಲ ಮಾತ್ರ ಬಹಳ ಬ್ಯಾಡ್ ಟೈಮಿಂಗ್. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಕಾಫಿ ರೇಟು ನೆಲ ಕಚ್ಚಿತ್ತು. ಕುಯ್ಯಿಸಿದರೆ ಕೂಲಿಯೂ ಹುಟ್ಟುವುದಿಲ್ಲವೆಂದು ಕೆಲವರು ರೋಬಸ್ಟಾ ಕಾಫಿಯನ್ನು ಗಿಡದಲ್ಲೇ ಬಿಟ್ಟಿದ್ದರು. ಕ್ಲಬ್ಬಿನಲ್ಲಿ, ಸಂತೆಯಲ್ಲಿ, ಕಳಸಕ್ಕೆ ಹೋಗುವ ಜೀಪುಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು, ವಿಯೆಟ್ನಾಂ. ಅಲ್ಲಿ ಗುಡ್ಡಗುಡ್ಡವೇ ರೋಬಸ್ಟಾ ನೆಟ್ಟು ಪ್ರಪಂಚಕ್ಕೆಲ್ಲ ಸುರಿದಿದ್ದಾರೆ, ಅದಕ್ಕೇ ನಾವು ಮುಳುಗಿದ್ದೇವೆ. ನಮ್ಮ ಕಡೆ ಅದು ದೇಶದ ಹೆಸರಾಗಿ ಉಳಿದಿರಲಿಲ್ಲ, ಬೈಗುಳವಾಗಿತ್ತು.

ಮೊದಲ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಜೀಪುಗಳ ಹತ್ತಿರ ನಿಂತ ಗಂಡಸರು ಫಾದರ್ ಅವರನ್ನು ಬಿಡಲಿಲ್ಲ.

"ಅಲ್ಲ ಫಾದರ್, ಅವ್ರ ಕಾಫಿ ಬಂದು ನಮ್ಮನ್ನ ಹಾಳು ಮಾಡಿದ್ದು ಸಾಲ್ದಾ? ಈಗ ಸಿಸ್ಟರ್‌ಗಳನ್ನೂ ಅಲ್ಲಿಂದ್ಲೇ ಇಂಪೋರ್ಟ್ ಮಾಡಿಸಿದ್ರಾ?"

"ಕಾಫಿ ಥರ ಅಲ್ಲ ಮಾರಾಯಾ," ಅಂದರು ಫಾದರ್. "ಈ ಮಾಲಿಗೆ ನಮ್ಮಲ್ಲಿ ಶಾರ್ಟೇಜ್ ಇದೆ."

ಎಲ್ಲರೂ ನಕ್ಕರು. ನಮ್ಮವರು, ನನ್ನ ಯಜಮಾನರು, ಮಾತ್ರ ನಗಲಿಲ್ಲ. ಜೀಪ್ ಸ್ಟಾರ್ಟ್ ಮಾಡಿ ಹಾರ್ನ್ ಒತ್ತಿದರು, ನನಗೆ.

ನಾನು ಚಿಕ್ಕಮಗಳೂರಿನಲ್ಲಿ ನನ್‌ಗಳ ಕೈಯಲ್ಲಿ ಓದಿ, ಸ್ಪೆಲಿಂಗ್ ಮತ್ತು ಗ್ರಾಮರಿನ ಜೊತೆ ಒಂದಿಷ್ಟು ಏಟೂ ತಿಂದವಳು. ಅದಕ್ಕೇ ಸಿಸ್ಟರುಗಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸವನ್ನು ಫಾದರ್ ನನಗೇ ವಹಿಸಿದರು. ಹಿರಿಯರಿಬ್ಬರಿಗೆ ಭಾಷೆ ಬೇಗ ಹತ್ತಿತು. ಚಿಕ್ಕವಳಿಗೆ ಹತ್ತಲಿಲ್ಲ. ಸಿಸ್ಟರುಗಳನ್ನು ಬಹುವಚನದಲ್ಲೇ ಕರೆಯಬೇಕು ಎಂದು ಕಲಿತವಳು ನಾನು, ಎದುರಿಗೆ ಹಾಗೆಯೇ ಕರೆದೆ ಕೂಡ. ಆದರೆ ಈ ಹುಡುಗಿಯನ್ನು ನೆನೆಯುವಾಗ ಏಕವಚನವೇ ಬರುತ್ತದೆ. ಅವಳ ಮಾತಿನಲ್ಲಿ ಇಂಗ್ಲಿಷ್ ಅರ್ಧ, ಕನ್ನಡ ಕಾಲು, ಮಿಕ್ಕಿದ್ದೆಲ್ಲ ಕೈಸನ್ನೆ. ಆದರೂ ಕೂಲಿಯವರ ಸಾಲುಮನೆಗಳಿರುವ ಲೈನುಗಳಿಗೆ ಹೋದರೆ ಹೆಂಗಸರು ಸುತ್ತುಗಟ್ಟುತ್ತಿದ್ದದ್ದು ಅವಳನ್ನೇ. ಶನಿವಾರ ಕತ್ತರಿ, ಬಾಚಣಿಗೆ ಹಿಡಿದು ಲೈನಿನ ಜಗಲಿಯಲ್ಲಿ ಕೂತಳೆಂದರೆ ಮಕ್ಕಳ ತಲೆ ಒಂದಾದ ಮೇಲೊಂದು ನುಣ್ಣಗಾಗುತ್ತಿತ್ತು. ಫಾದರ್ ಇದನ್ನೆಲ್ಲ ರಿಪೋರ್ಟಿನಲ್ಲಿ ಔಟ್‌ರೀಚ್ ಎಂದು ಬರೆಯುತ್ತಿದ್ದರು. ಲೈನಿನವರು ಅವಳನ್ನು ಕ್ಷೌರದ ಸಿಸ್ಟರ್ ಅನ್ನುತ್ತಿದ್ದರು.

ಪಾಠ ನಮ್ಮ ಮನೆಯ ಜಗಲಿಯಲ್ಲಿ. ನಮ್ಮವರು ಆ ಹೊತ್ತಿಗೆ ಸರಿಯಾಗಿ ಪೇಪರ್ ಬಿಚ್ಚಿಕೊಂಡು ಅದರ ಹಿಂದೆ ಮಾಯವಾಗುತ್ತಿದ್ದರು. ಸಿಸ್ಟರುಗಳು ಹೋದ ಮೇಲೆ ಮಾತ್ರ, "ಎನಿಮಿಗೆ ಫಿಲ್ಟರ್ ಕಾಫಿ ಬೇರೆ ಮಾಡಿ ಕೊಡ್ತೀಯಲ್ಲ ಮಾರಾಯ್ತಿ!"

ಒಂದು ದಿನ "ಮೈ ಫಾದರ್ ಈಸ್..." ಎಂಬ ವಾಕ್ಯ ತುಂಬಿಸಲು ಹೇಳಿದೆ. ಚಿಕ್ಕವಳು "ಪ್ಲಾಂಟರ್" ಅಂದಳು. ಅಂದು, ಪ್ರಾರ್ಥನೆಯ ಪುಸ್ತಕದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಸಣಕಲು ಮನುಷ್ಯ, ಚಡ್ಡಿ, ಹವಾಯಿ ಚಪ್ಪಲಿ, ಒಣಹಾಕಿದ ಕಾಫಿಯ ನಡುವೆ ಕುಕ್ಕರಗಾಲಲ್ಲಿ ಕೂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾನೆ.

ಪೇಪರ್ ಕೆಳಗಿಳಿಯಿತು. "ಕೇಳು ಅವ್ಳನ್ನ, ರೋಬಸ್ಟಾನಾ ಅದು?" ಎಂದರು ನನ್ನನ್ನು ನೋಡಿ.

"ರೋಬಸ್ಟಾ, ಅಂಕಲ್. ಆಲ್ ರೋಬಸ್ಟಾ."

ಫೋಟೋವನ್ನು ಬೆಳಕಿಗೆ ಒಯ್ದು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. "ಬರೀ ನೆಲದ ಮೇಲೆ ಒಣಗ್ಸಿದ್ದಾನೆ. ಕಣಕ್ಕೆ ಸಿಮೆಂಟೂ ಇಲ್ಲ," ಅಂದರು. ಆಮೇಲೆ, ಯಾರಿಗೂ ಅಲ್ಲದ ಹಾಗೆ, "ಈ ನರಪೇತಲನಾ ನಮ್ಮನ್ನ ಮುಳುಗಿಸಿದ್ದು!"

ಅಲ್ಲಿಂದ ಶುರುವಾಯಿತು. ಚಿಕ್ಕ ಸಿಸ್ಟರ್ ತಿಂಗಳಿಗೊಮ್ಮೆ ಭಾನುವಾರ ಪೂಜೆಯಾದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಫೋನ್ ಬೂತಿನಿಂದ ಮನೆಗೆ ಮಾತಾಡುತ್ತಿದ್ದಳು. ನಮ್ಮವರು ಅವಳ ಕೈಯಲ್ಲಿ ಪ್ರಶ್ನೆ ಕಳಿಸತೊಡಗಿದರು. ನೆರಳಿನ ಮರ ಇಲ್ಲದೆ ಕಾಫಿ ಹೇಗೆ ತಡೆಯುತ್ತದೆ ಕೇಳು. ನೀರು ಯಾವಾಗ ಬಿಡುತ್ತಾರೆ ಕೇಳು. ಅವಳು ಗಾಜಿನ ಬಾಗಿಲೊಳಗೆ ಕೂಗಿ ಕೂಗಿ ಕೇಳುವುದು, ನಮ್ಮವರು ಹೊರಗೆ ಬೂತು ನಡೆಸುವ ಸಾಹೇಬರ ಸ್ಟೂಲಿನ ಮೇಲೆ ಕಾಯುವುದು, ಉತ್ತರ ಬಂದ ಕೂಡಲೇ ಅವಳು ಬಾಗಿಲು ಸರಿಸಿ ಹೇಳುವುದು.

"ಅಪ್ಪ ನಗ್ತಾ ಇದ್ದಾರೆ, ಅಂಕಲ್. ಕಾಫಿ ಮೇಲೆ ಅಷ್ಟು ದೊಡ್ಡ ಮರ ಯಾಕೆ, ಕೇಳ್ತಾರೆ."

"ಮೆಣಸು ಹಬ್ಬಿಸ್ಲಿಕ್ಕೆ ಅಂತ ಹೇಳು!"

"ಮೆಣಸು ನಮ್ಮಲ್ಲೂ ಇದೆ, ಕಂಬಕ್ಕೆ ಹಬ್ಬಿಸ್ತೀವಿ, ಹೇಳ್ತಾರೆ."

"ಅದನ್ನೂ ಬಿಟ್ಟಿಲ್ವಾ ನಮಗೆ!" ಎಂದು ನಮ್ಮವರು ತೊಡೆ ತಟ್ಟಿಕೊಂಡು ನಕ್ಕರು. ಸಾಹೇಬರೂ ನಕ್ಕರು. ರೇಟು ಬಿದ್ದ ಮೇಲೆ ನಮ್ಮವರ ಆ ನಗು ನಾನು ಕೇಳಿರಲಿಲ್ಲ.

ಒಂದು ಭಾನುವಾರ ಅವಳು ಬೂತಿನಿಂದ ಸಪ್ಪೆ ಮುಖ ಮಾಡಿಕೊಂಡು ಹೊರಬಂದಳು. ಅವಳ ಅಪ್ಪನೂ ಸೋತಿದ್ದ. ಸಿಗುವ ಬೆಲೆಗೆ ಗೊಬ್ಬರದ ಖರ್ಚೂ ಗಿಟ್ಟದೆ ಅರ್ಧ ತೋಟ ಕಿತ್ತು ಹಾಕಿದ್ದನಂತೆ. ಆ ಮಧ್ಯಾಹ್ನ ನಮ್ಮವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅವನೂ ಮುಳುಗಿದ್ದಾನೆ. ಹಾಗಾದ್ರೆ ತಿಂದವನು ಯಾರು?"

ನಮ್ಮ ತೋಟದ ಹಳೆಯ ರೋಬಸ್ಟಾ ಬ್ಲಾಕನ್ನೂ ಕೀಳಿಸುವುದೋ ಉಳಿಸುವುದೋ ಎಂದು ಅವರು ಆ ವರ್ಷವೆಲ್ಲ ಒದ್ದಾಡುತ್ತಿದ್ದರು. ಕಿತ್ತ ಮೇಲೆ ಆ ಮನುಷ್ಯನಿಗೆ ಹೇಗನಿಸಿತು, ಕಿತ್ತದ್ದು ತಪ್ಪು ಅನಿಸಿತೇ? ಇದೊಂದು ಅವರಿಗೆ ಕೇಳಬೇಕಿತ್ತು. "ಇದು ಇನ್ನೊಬ್ರ ಕೈಲಿ ಕೇಳಿಸೋದಲ್ಲ," ಅಂದರು ಅವಳಿಗೆ. "ನೀನು ಪಕ್ಕದಲ್ಲಿರು, ನಾನೇ ಮಾತಾಡ್ತೇನೆ. ಈಗ ಅರೇಬಿಕಾ ಕಾಫಿ ಹಣ್ಣಾಗಿದೆ. ಕೊಯ್ಲು ಮುಗೀಲಿ."

ಅವಳು ಅಪ್ಪನಿಗೆ ಹಾಗೆಯೇ ಹೇಳಿದಳಂತೆ. ಅಲ್ಲಿಂದ ಬಂದ ಉತ್ತರವೂ ಅದೇ. ತನಗೂ ಕೊಯ್ಲು, ಮುಗಿಯಲಿ, ಆಮೇಲೆ ಮಾತಾಡೋಣ.

ಕಾಫಿಯವರ ಬದುಕೇ ಹಾಗೆ. ಮದುವೆ, ಮನೆ ರಿಪೇರಿ, ಕಣ್ಣಿನ ಆಪರೇಷನ್, ಜಗಳದ ರಾಜಿ, ಎಲ್ಲವೂ ಕೊಯ್ಲು ಮುಗಿದ ಮೇಲೆ. ನಮ್ಮ ಪಂಚಾಂಗದಲ್ಲಿ ಬೇರೆ ತಿಂಗಳುಗಳೇ ಇಲ್ಲವೇನೋ ಅನ್ನಿಸುತ್ತದೆ ಈಗ.

ಕ್ರಿಸ್ಮಸ್ಸಿಗೆ ಮೊದಲು ಕಾನ್ವೆಂಟಿಗೆ ಫೋನ್ ಬಂತು. ಅವಳ ಅಪ್ಪ ತೋಟದಲ್ಲೇ ಕುಸಿದು ತೀರಿಹೋಗಿದ್ದ. ಇಲ್ಲಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ಅವಳು ಹೋಗಲಿಲ್ಲ, ಹೋಗುವ ಹಾಗಿರಲಿಲ್ಲ.

ಮೂರು ದಿನದ ಮೇಲೆ ನನ್ನ ಹತ್ತಿರ ಬಂದು ಒಂದು ಮಾತು ಕೇಳಿದಳು. ಅವರಲ್ಲಿ ಸತ್ತವರ ಫೋಟೋ ಇಟ್ಟು, ಬಂದವರು ಒಬ್ಬೊಬ್ಬರಾಗಿ ಒಂದೊಂದು ಊದುಬತ್ತಿ ಹಚ್ಚಿ, ಎರಡು ಕೈಯಲ್ಲಿ ಹಿಡಿದು ಬಾಗುತ್ತಾರೆ. ಫೋಟೋದ ಪಕ್ಕ ಮನೆಯವರು ನಿಂತಿರುತ್ತಾರೆ. ಪ್ರತಿಯೊಬ್ಬರು ಬಾಗಿದಾಗಲೂ ಮನೆಯವರು ತಿರುಗಿ ಬಾಗಬೇಕು. ಕ್ರೈಸ್ತರೂ ಮಾಡುತ್ತಾರೆ. ಅಲ್ಲಿ ಅಣ್ಣ ನಿಂತು ಬಾಗಿದ್ದಾನೆ. ಇಲ್ಲಿ ತಾನೂ ಒಮ್ಮೆ ಅಪ್ಪನ ಪಕ್ಕ ನಿಲ್ಲಬೇಕು. ಅಷ್ಟೇ ಅವಳ ಆಸೆ. ಊರಿನಿಂದ ತಂದಿದ್ದ ಕೆಂಪು ಕಡ್ಡಿಗಳ ಕಟ್ಟು ಅವಳ ಜೋಳಿಗೆಯಲ್ಲೇ ಇತ್ತು.

ನಾನು ಅದನ್ನು ಫಾದರಿಗೆ ಹೇಳಿದೆ, ಅವರು ಪ್ಯಾರಿಶ್ ಕೌನ್ಸಿಲಿನ ಮುಂದಿಟ್ಟರು. ಯಾರೂ ಕೆಟ್ಟ ಮನಸ್ಸಿನಿಂದ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು.

"ಪಾಪದ ಹುಡುಗಿ, ಏನಾದ್ರೂ ಮಾಡ್ಲೇಬೇಕು," ಅಂದರು ಹಿರಿಯರೊಬ್ಬರು. "ಆದ್ರೆ ಊದುಬತ್ತಿ, ಫೋಟೋ... ಸ್ವಲ್ಪ ಬೇರೆ ಥರ ಕಾಣ್ತದೆ ಫಾದರ್. ನೋಡಿದವ್ರು ಏನಂತಾರೆ?"

"ಅಲ್ಲ, ಧೂಪ ನಮ್ಮಲ್ಲೇ ಇದ್ಯಲ್ಲ," ಅಂದರು ಫಾದರ್, ದಾರಿ ಸಿಕ್ಕ ಖುಷಿಯಲ್ಲಿ. "ಸರಪಳಿಯ ಧೂಪದಾನಿಯನ್ನೇ ತರ್ತೇನೆ. ದೊಡ್ಡ ಹಬ್ಬಕ್ಕೆ ಬಳಸೋದು. ಅವಳಪ್ಪನಿಗೆ ಅದಕ್ಕಿಂತ ಗೌರವ ಉಂಟಾ?"

ಎಲ್ಲರಿಗೂ ಅದು ಸರಿ ಕಂಡಿತು. ನನಗೂ ಕಂಡಿತು.

ಭಾನುವಾರ ಚರ್ಚ್ ಹಾಲಿನಲ್ಲಿ ಏರ್ಪಾಡಾಯಿತು. ಫೋಟೋ ದೊಡ್ಡದು ಮಾಡಿಸಲು ಕೊಟ್ಟಿದ್ದೆವು. ಸ್ಟುಡಿಯೋದವನು ಮುಖ ಮಾತ್ರ ಕತ್ತರಿಸಿ, ಹಿಂದೆ ನೀಲಿ ಬಣ್ಣ ತುಂಬಿದ್ದ. ಅವಳು ಅದನ್ನು ಕೈಗೆ ತೆಗೆದುಕೊಂಡು, "ಆಂಟಿ, ಕಾಫಿ ಎಲ್ಲಿ ಹೋಯ್ತು?" ಎಂದಳು. ತಲೆಯ ವೇಲಿನ ಮೇಲೆ ಅವರ ಕಡೆಯ ಶೋಕದ ಬಿಳಿ ಬಟ್ಟೆಯ ಪಟ್ಟಿ ಕಟ್ಟಿಕೊಂಡು ಫೋಟೋದ ಪಕ್ಕ ನಿಂತಳು. ಫಾದರ್ ಪ್ರಾರ್ಥನೆ ಹೇಳಿ ಧೂಪದಾನಿಯನ್ನು ಮೂರು ಸಲ ತೂಗಿದರು. ಹಾಲಿನ ತುಂಬ ಪರಿಮಳ. ಅವಳು ಫಾದರಿಗೆ ಬಾಗಿದಳು. ಅಷ್ಟಕ್ಕೆ ಮುಗಿಯಿತೆಂದು ಜನ ಎದ್ದರು. ನಾನು ಮಾಡಿಸಿದ್ದ ಕಟ್ಲೆಟ್ ಹೊರಗಿನ ಮೇಜಿನ ಮೇಲಿತ್ತು. ಬಂದವರೆಲ್ಲ ಹೋಗುವಾಗ ಅವಳ ಭುಜ ತಟ್ಟಿ, "ಬಿ ಬ್ರೇವ್ ಸಿಸ್ಟರ್" ಅಂದರು.

ಅವಳು ಅಲ್ಲೇ ನಿಂತಿದ್ದಳು, ಕಡ್ಡಿಯ ಕಟ್ಟನ್ನು ಎದೆಗೆ ಹಿಡಿದು. ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳು ಕಾಯುತ್ತಿದ್ದಳು. ಮುಂದಿನವರು ಬಂದು ಬಾಗಲಿ ಎಂದು.

ನಮ್ಮವರು ಆ ದಿನ ಹಾಲಿನ ಒಳಗೆ ಬಂದಿರಲಿಲ್ಲ. ಗಂಡಸರ ಜೊತೆ ಹೊರಗೆ, ಕಿಟಕಿಯ ಹತ್ತಿರ ನಿಂತಿದ್ದರು. ಮನೆಗೆ ಬರುವಾಗ ಜೀಪಿನಲ್ಲಿ, "ಆ ಕಡ್ಡಿ ಯಾಕೆ ಹಚ್ಚಲಿಲ್ಲ?" ಎಂದು ಕೇಳಿದರು. ಅವಳು ನನಗೆ ಹೇಳಿದ್ದನ್ನೆಲ್ಲ ಹೇಳಿದೆ.

"ನಮ್ಮ ಕಣದಲ್ಲಿ ಇಡೋಣ," ಅಂದರು ಇಳಿಯುವಾಗ. "ಆ ಚಿಕ್ಕ ಫೋಟೋನೇ, ಕಾಫಿ ಇರೋದು. ಮಲ್ಲಂದೂರಿನ ತೋಟದ ಗೌಡ್ರಿಗೆ ಹೇಳ್ತೇನೆ, ಬೂತಿನ ಸಾಹೇಬರಿಗೆ ಹೇಳ್ತೇನೆ, ಕಾಫಿಯವರೆಲ್ಲ ಬರ್ಲಿ. ಒಬ್ಬೊಬ್ರೂ ಹಚ್ಲಿ. ಅವ್ಳು ಎಷ್ಟು ಬಾಗ್ತಾಳೋ ಬಾಗ್ಲಿ."

"ಯಾವಾಗ?" ಅಂದೆ.

"ಈಗ ಯಾರು ಬರ್ತಾರೆ? ಅರೇಬಿಕಾ ಮುಗೀತಾ ಬಂತು, ರೋಬಸ್ಟಾ ಕೊಯ್ಲೂ ಮುಗೀಲಿ."

ಅವಳಿಗೂ ಹೇಳಿದೆವು. ಅವಳ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ. ಪಾಠದ ದಿನ ಬಂದಾಗಲೆಲ್ಲ ಕಣದ ಅಂಚಿನಲ್ಲಿ ನಿಂತು, ಇಲ್ಲಿ ಮೇಜು, ಇಲ್ಲಿ ನಾನು ಎಂದು ಕೈಯಲ್ಲೇ ಅಳೆಯುತ್ತಿದ್ದಳು. ಕಣದ ತುಂಬ ಹಣ್ಣು ಹರಡಿತ್ತು. ಇನ್ನೂ ಕೆಳಗಿನ ಬ್ಲಾಕ್ ಬಾಕಿ, ಇನ್ನೂ ಹೊಳೆಯಂಚಿನದು ಬಾಕಿ.

ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಆರ್ಡರ್ ಬಂತು. ಮೂವರೂ ಕೂಡಲೇ ಹೊರಡಬೇಕು, ಅಲ್ಲಿಂದ ಅವರ ದೇಶಕ್ಕೆ. ಕಾರಣ ನಮಗೆ ಯಾರೂ ಹೇಳಲಿಲ್ಲ. ಸಿಸ್ಟರುಗಳ ವಿಷಯದಲ್ಲಿ ಹೇಳುವುದೂ ಇಲ್ಲ. ಇನ್ನೊಂದು ವಾರ ಕಳೆದಿದ್ದರೆ ನಮ್ಮ ಕಣ ಖಾಲಿಯಾಗುತ್ತಿತ್ತು.

ಬೆಳಿಗ್ಗೆಯ ಮೊದಲ ಬಸ್ಸಿಗೆ ಬೀಳ್ಕೊಡಲು ಮೂಡಿಗೆರೆಗೆ ಹೋದೆವು. ಮಂಜು ಇನ್ನೂ ಹರಿದಿರಲಿಲ್ಲ. ಮೂವರೂ ಹತ್ತಿ ಕೂತಿದ್ದರು, ಚಿಕ್ಕವಳು ಕಿಟಕಿಗೆ. ನಾನು ಏನೇನೋ ಹೇಳಿದೆ, ರೈಟ್ ಟು ಅಸ್, ಟೇಕ್ ಕೇರ್, ಅಂಥವೇ. ನಮ್ಮವರು ನನ್ನನ್ನು ಸರಿಸಿ ಮುಂದೆ ಬಂದರು.

"ಆ ಕಡ್ಡಿ ಉಂಟಾ ನಿನ್ನ ಹತ್ರ?"

ಅವಳು ಜೋಳಿಗೆಯಿಂದ ಕಟ್ಟು ಬಿಚ್ಚಿ ಒಂದನ್ನು ಕಿಟಕಿಯಿಂದ ಕೊಟ್ಟಳು. ನಮ್ಮವರ ಹತ್ತಿರ ಬೆಂಕಿಪೊಟ್ಟಣವಿರಲಿಲ್ಲ, ಬೀಡಿ ಸಿಗರೇಟಿನವರಲ್ಲ ಅವರು. ಸುತ್ತ ನೋಡಿದರು. ಡ್ರೈವರ್ ಆಗಷ್ಟೇ ಗಾಜಿನ ಹತ್ತಿರದ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಸಿಕ್ಕಿಸಿದ್ದ. ನಮ್ಮವರು ಬಾಗಿಲಿನಿಂದ ಹತ್ತಿ, "ಸ್ವಲ್ಪ ಬೆಂಕಿ, ಮಾರಾಯಾ" ಎಂದು ಆ ಊದುಬತ್ತಿಯ ತುದಿಗೆ ಕೆಂಪು ಕಡ್ಡಿ ಹಿಡಿದರು.

"ಹಚ್ಕೊಳ್ಳಿ ಯಜಮಾನ್ರೇ, ಆದ್ರೆ ಟೈಮಾಯ್ತು," ಅಂದ ಡ್ರೈವರ್.

ಇಳಿದು ಬಂದು ಅವಳ ಕಿಟಕಿಯ ಕೆಳಗೆ ನಿಂತರು. ಕಡ್ಡಿಯನ್ನು ಎರಡು ಕೈಯಲ್ಲಿ ಹಣೆಗೆ ಎತ್ತಿ ಹಿಡಿದು, ಸರಿಯಾಗಿ ಬಗ್ಗದ ಸೊಂಟವನ್ನು ಆದಷ್ಟು ಬಗ್ಗಿಸಿದರು. ಫೋಟೋ ಇರಲಿಲ್ಲ, ಮೇಜಿರಲಿಲ್ಲ, ಗೌಡರೂ ಸಾಹೇಬರೂ ಯಾರೂ ಇರಲಿಲ್ಲ.

ಅವಳು ಸೀಟಿನಿಂದ ಎದ್ದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಜಗ್ಗಿದ ರಭಸಕ್ಕೆ ಮುಗ್ಗರಿಸಿ, ಮುಂದಿನ ಸೀಟಿನ ಕಂಬಿ ಹಿಡಿದು ನಿಂತು, ನಮ್ಮವರ ಕಡೆ ತಿರುಗಿ, ಮನೆಯವರು ಬಾಗುವ ಹಾಗೆ ಬಾಗಿದಳು. ಅವಳು ತಲೆ ಎತ್ತುವುದನ್ನು ನಾನು ನೋಡಲಿಲ್ಲ. ಅಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.