ಡಿಕ್ಕಿಯಲ್ಲಿ ಎಷ್ಟು ಭಯ ಹಿಡಿಸುತ್ತದೆ

ಎರಡು ವರ್ಷ ನನ್ನ ಹೆಂಡತಿ ಬಸ್ಸಿನಲ್ಲಿ ಓಡಾಡಿದಳು, ನಾನು ಅದೇ ಬಸ್ಸಿನ ಹಿಂದೆ ಖಾಲಿ ಕಾರು ಓಡಿಸಿಕೊಂಡು ಹೋದೆ. ಊರಿನವರ ಬಾಯಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಒಪ್ಪಿಕೊಂಡುಬಿಡುವುದು ವಾಸಿ. ಕೆಲಮಂಗಲದಿಂದ ಹೊಸೂರಿಗೆ ಸಾಮಾನು ತರಲು ಹೊರಟರೂ ಅಷ್ಟೇ, ನೆಂಟರ ಮನೆಗೆ ಹೊರಟರೂ ಅಷ್ಟೇ. ಜಯಮ್ಮ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಆಗಾಗ ತಿರುಗಿ ನೋಡುತ್ತಿದ್ದಳು. ಪ್ರೀತಿಯಿಂದಲ್ಲ, ಕಾರು ಇನ್ನೂ ಬರುತ್ತಿದೆಯೋ, ಎಲ್ಲಾದರೂ ನಿಂತಿತೋ ಎಂದು. ನಮ್ಮ ಕಡೆ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಅದಕ್ಕೇ ಹಾಗೆ ಎಂದು ಕೇಳಿದವರಿಗೆಲ್ಲ ಹೇಳಿದೆ. ಯಾರೂ ನಂಬಲಿಲ್ಲ.

ಇದಕ್ಕೆಲ್ಲ ಕಾರಣ ಬೇರಿಕೆಯ ಒಂದು ಮದುವೆ. ಗಂಡು ಜಯಮ್ಮನ ಅಣ್ಣನ ಮಗ, ಸೋದರತ್ತೆಯಾದ ಇವಳು ಕಳಸಗಿತ್ತಿ. ನಮ್ಮಲ್ಲಿ ಅದು ಸಣ್ಣ ಮಾತಲ್ಲ. ಕಳಸ ಹಿಡಿದವಳು ಮುಂದೆ ನಡೆದರೇ ಗಂಡು ಹಸೆಗೆ ಬರುವುದು. ನನ್ನ ಇಪ್ಪತ್ತೆರಡು ವರ್ಷದ ಬಿಳಿ ಕಾರು ಬಾಗಲೂರು ದಾಟಿದ ಕೂಡಲೇ ಹೊಗೆಯಾಡಿತು. ರೇಡಿಯೇಟರಿನ ಹೋಸು ಪೈಪು ಒಡೆದು ನೀರೆಲ್ಲ ರಸ್ತೆಯ ಪಾಲಾಗಿತ್ತು. ನನ್ನ ಬಳಿ ಇದ್ದದ್ದು ಒಂದು ಜಾಕಿ, ಒಂದು ಒರೆಸುವ ಬಟ್ಟೆ. ಬಾನೆಟ್ಟು ಎತ್ತಿ ಆ ಬಟ್ಟೆಯನ್ನು ಹಿಡಿದು ನಿಂತೆ. ಹೋಗುವವರು ಬರುವವರು ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ಕಾಯಿಲೆ ಹೇಳಿದರು. ಕಾರು ಯಾವ ಭಾಷೆಗೂ ಕದಲಲಿಲ್ಲ. ಕೊನೆಗೆ ಎಲೆಕೋಸಿನ ಮೂಟೆ ಹೇರಿಕೊಂಡು ಬಂದ ಟೆಂಪೋ ಒಂದಕ್ಕೆ ರೇಷ್ಮೆ ಸೀರೆಯುಟ್ಟ ಜಯಮ್ಮನನ್ನು ಹತ್ತಿಸಿ ಕಳಿಸಿದೆ. ಅವಳು ತಲುಪುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು, ಬೇರೆ ಯಾರೋ ಕಳಸ ಹಿಡಿದಿದ್ದರು. ಮದುವೆಯ ಆಲ್ಬಮ್ಮಿನಲ್ಲಿ ಅವಳು ಕಾಣುವುದು ಊಟದ ಪಂಕ್ತಿಯಲ್ಲಿ ಮಾತ್ರ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಂದು ವಾರಕ್ಕೆ ಮರೆಯುತ್ತಿದ್ದೆ. ಬೈಯದೆ ಬಸ್ಸು ಹಿಡಿದಳಲ್ಲ, ಅದರಿಂದ ನನಗೆ ನಿಜವಾಗಿ ನೋವಾಯಿತು.

ಬೇರೆಯವನಾಗಿದ್ದರೆ ಕಾರು ಮಾರುತ್ತಿದ್ದ. ನಾನು ಸಾಮಾನು ಕೊಂಡೆ. ಹೊಸೂರಿನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತನಾದವನು ನಾನು. ಯಾವ ಬೋಲ್ಟಿಗೆ ಯಾವ ನಂಬರಿನ ಸ್ಪ್ಯಾನರು ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಆದರೆ ಎತ್ತಿ ಕೊಡುವುದಷ್ಟೇ ನನ್ನ ಕೆಲಸ. ತಿರುಗಿಸುವವರು ಬೇರೆ ಇದ್ದರು. ಇಲ್ಲ ಎಂದು ಯಾರನ್ನೂ ಬರಿಗೈಯಲ್ಲಿ ಕಳಿಸಿದವನಲ್ಲ ಎಂಬ ಜಂಬ ಮಾತ್ರ ನಿವೃತ್ತಿಯಾದ ಮೇಲೂ ಉಳಿದಿತ್ತು. ಆ ಜಂಬ ಈಗ ಡಿಕ್ಕಿಗೆ ಇಳಿಯಿತು. ನೀರಿನ ಕ್ಯಾನು ಎರಡು. ಸ್ಪ್ಯಾನರು ಒಂದು ಪೂರ್ತಿ ಸೆಟ್ಟು, ಅದು ಸಾಲದಿದ್ದರೆ ಎಂದು ಇನ್ನೊಂದು. ಫ್ಯಾನ್ ಬೆಲ್ಟು, ಹೋಸು, ಕ್ಲಿಪ್ಪು, ಫ್ಯೂಸು, ಬ್ಯಾಟರಿಗೆ ಜೋಡಿಸುವ ಕೇಬಲ್ಲು, ಎಳೆಯುವ ಹಗ್ಗ, ಕಾಲಿನಲ್ಲಿ ಒತ್ತುವ ಗಾಳಿ ಪಂಪು, ಒಂದು ಗರಗಸ. ಗರಗಸ ಏಕೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಇಳಿಜಾರಿನಲ್ಲಿ ಚಕ್ರಕ್ಕೆ ಅಡ್ಡ ಕೊಡಲು ಎರಡು ಕಲ್ಲನ್ನೂ ಇಟ್ಟುಕೊಂಡೆ. ಎತ್ತ ಕಾಲಿಟ್ಟರೂ ಬಂಡೆ ಎಡವುವ ನಮ್ಮ ಸೀಮೆಯಲ್ಲಿ ಕಲ್ಲನ್ನು ಕಾರಿನಲ್ಲಿ ಹೊತ್ತು ತಿರುಗಿದವನು ನಾನೊಬ್ಬನೇ ಇರಬೇಕು.

ನಮ್ಮ ತಾತನ ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆ ತುಂಬಿದ ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಅದರ ಜೊತೆಗೆ ಒಂದು ಹಗ್ಗ, ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿ ಒಂದು ಹೆಚ್ಚಿಗೆ. ಇಷ್ಟರಲ್ಲೇ ಆತ ತಳಿ ಎಂಬ ಊರಿನ ಕಡೆಯ ದಿಣ್ಣೆಗಳನ್ನೆಲ್ಲ ಹತ್ತಿ ಇಳಿದವನು. ಹಿಂದಿನ ಕಾಲದ ರಾಜರ ದಂಡು ಹೊರಟರೆ ಬೆನ್ನಿಗೇ ಬಡಗಿಗಳೂ ಕಮ್ಮಾರರೂ ಗಾಡಿಗಟ್ಟಲೆ ಸಲಕರಣೆಯೊಂದಿಗೆ ಹೊರಡುತ್ತಿದ್ದರಂತೆ. ನನ್ನ ಏರ್ಪಾಡು ತಾತನದಲ್ಲ, ಆ ದಂಡಿನದು. ಒಂದೇ ವ್ಯತ್ಯಾಸವೆಂದರೆ ಅವರು ಕಮ್ಮಾರನನ್ನೂ ಕರೆದೊಯ್ಯುತ್ತಿದ್ದರು, ನಾನು ಸುತ್ತಿಗೆಯನ್ನು ಮಾತ್ರ ಒಯ್ಯುತ್ತಿದ್ದೆ.

ಹೊಸದೇನಾದರೂ ಕೊಂಡಾಗಲೆಲ್ಲ ಜಯಮ್ಮನ ಕಣ್ಣಿಗೆ ಬೀಳುವಂತೆ ಜಗಲಿಯ ಮೇಲೆ ಇಡುತ್ತಿದ್ದೆ. ಇನ್ನು ಭಯವಿಲ್ಲ, ಬಾ ಎಂಬುದು ಅದರ ಅರ್ಥ. ಅವಳು ನೋಡಿ ಒಳಗೆ ಹೋಗುತ್ತಿದ್ದಳು. ಈ ವರ್ಷ ತಳಿಯಲ್ಲಿರುವ ಅವಳ ತಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಮತ್ತೆ ಇವಳೇ ಕಳಸಗಿತ್ತಿ, ಬೆಳಗಿನ ಮುಹೂರ್ತ. ಈ ಸಲವಾದರೂ ನನ್ನ ಪಕ್ಕದಲ್ಲಿ ಕೂತು ಬರುತ್ತಾಳೋ, ಬೆಳ್ಳಂಬೆಳಗ್ಗೆ ಬಸ್‌ಸ್ಟಾಪಿಗೆ ಹೊರಡುತ್ತಾಳೋ ಎಂಬುದೊಂದೇ ನನ್ನ ಚಿಂತೆಯಾಯಿತು. ಧೈರ್ಯ ಬರಲೆಂದು ಡಿಕ್ಕಿ ತೆಗೆದು ಒಂದೊಂದನ್ನೇ ತೋರಿಸಿ ವಿವರಿಸಿದೆ. ಪೂರ್ತಿ ಕೇಳಿದ ಮೇಲೆ ಅವಳು ಅಂದಳು: "ಇಷ್ಟೊಂದು ಸಾಮಾನು ಬೇಕಾಗೋ ಕಾರ್ನ ಯಾರು ನಂಬ್ತಾರೆ ಹೇಳಿ. ನೀವು ಒಂದೊಂದು ತಂದಾಗ್ಲೂ ನಂಗೆ ಒಂದೊಂದು ಹೊಸಾ ಭಯ ಆಯ್ತದೆ."

ನಾನು ಡಿಕ್ಕಿ ಮುಚ್ಚಿದೆ. ಮುಚ್ಚಲು ಎರಡು ಸಲ ಕುಕ್ಕಬೇಕಾಯಿತು, ಅಷ್ಟು ತುಂಬಿತ್ತು.

ಮಾರನೆಯ ದಿನ ಮೆಕಾನಿಕ್ ಸಂಪಂಗಿಯ ಶೆಡ್ಡಿಗೆ ಹೋದೆ. ಮನೆಯಲ್ಲಿ ತೆಲುಗು, ಗಿರಾಕಿಯ ಜೊತೆ ಗಿರಾಕಿಯ ಭಾಷೆ ಆಡುವ ಮನುಷ್ಯ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ ಎಂದು ಕೇಳಿದೆ. ಅವನು ಗೋಣಿಚೀಲ ಹಾಸಿ ಡಿಕ್ಕಿಯಲ್ಲಿದ್ದದ್ದನ್ನೆಲ್ಲ ಅದರ ಮೇಲೆ ಸುರಿದ. ಒಂದೊಂದನ್ನೇ ಎತ್ತಿ, ಇದನ್ನು ಹಾಕಲು ನಿಮಗೆ ಬರುತ್ತದಾ ಎಂದು ಕೇಳುತ್ತಾ ಹೋದ. ಫ್ಯೂಸು ಬರುತ್ತದೆ ಅಂದೆ. ನೀರು ತುಂಬುವುದು ಬರುತ್ತದೆ ಅಂದೆ. ಆಮೇಲೆ ಎತ್ತಿದ್ದಕ್ಕೆಲ್ಲ ಇಲ್ಲ ಎಂದು ತಲೆಯಾಡಿಸಿದೆ. ಪಂಪು ಒತ್ತಬಲ್ಲೆ ಅಂದೆ. ನನ್ನ ಮಂಡಿಯನ್ನು ಒಮ್ಮೆ ನೋಡಿ ಅದನ್ನೂ ಪಕ್ಕಕ್ಕಿಟ್ಟ. ಕೊನೆಗೆ ಪ್ಲಾಸ್ಟಿಕ್ ಕವರು ಕೂಡ ಬಿಚ್ಚದ ಫ್ಯಾನ್ ಬೆಲ್ಟನ್ನು ಕೈಗೆತ್ತಿಕೊಂಡು ನಗತೊಡಗಿದ.

"ಏನ್ ಸಾರ್ ಇದು, ಹೊಸಾ ಬೆಲ್ಟು ಡಿಕ್ಕೀಲಿ ಮಲ್ಗೈತೆ, ಹಳೇದು ಇಂಜಿನ್ನಾಗೆ ದುಡೀತೈತೆ."

ಮೂವತ್ತು ವರ್ಷದ ನನ್ನ ಸ್ಟೋರ್ಸ್ ವಿದ್ಯೆ ಆ ಶೆಡ್ಡಿನಲ್ಲಿ ಇಳಿದುಹೋಯಿತು. ಕೆಟ್ಟಾಗ ಇರಲಿ ಎಂದು ನಾನು ಜೋಪಾನ ಮಾಡಿದ್ದನ್ನೆಲ್ಲ ಅವನು ಕೆಡುವ ಮುಂಚೆಯೇ ಇಂಜಿನ್ನಿಗೆ ಹಾಕಿಬಿಟ್ಟ: ಬೆಲ್ಟು, ಹೋಸು, ಕ್ಲಿಪ್ಪುಗಳು. ಡಿಕ್ಕಿಯಲ್ಲಿ ಉಳಿದದ್ದು ಒಂದು ಕ್ಯಾನು ನೀರು, ನಾಲ್ಕು ಫ್ಯೂಸು, ಒಂದು ಟಾರ್ಚು, ಇನ್ನೊಂದು ಗಾಡಿಯವರು ನಮ್ಮನ್ನು ಎಳೆದು ಪುಣ್ಯ ಕಟ್ಟಿಕೊಳ್ಳಲೆಂದು ಹಗ್ಗ. ಸ್ಟೆಪ್ನಿ, ಜಾಕಿ, ಚಕ್ರದ ನಟ್ಟು ಬಿಚ್ಚುವ ಸ್ಪ್ಯಾನರು ಇರಲೇಬೇಕು. ಆದರೆ ಚಕ್ರ ಬದಲಿಸುವುದನ್ನು ಕಲಿತುಕೊಂಡ ಮೇಲೆ ಎಂದ.

ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಮನೆಯ ಮುಂದೆ ಚಕ್ರ ಬಿಚ್ಚುವುದನ್ನು ಕಲಿಯಲು ಕೂತೆ. ಮೊದಲ ದಿನ ಕಾರನ್ನು ಜಾಕಿಯ ಮೇಲೆ ಎತ್ತಿದ ಮೇಲೆ ನಟ್ಟು ತಿರುಗಿಸಹೋದೆ. ನಟ್ಟಿನ ಜೊತೆ ಚಕ್ರವೂ ತಿರುಗಿತು. ನೆಲದ ಮೇಲಿದ್ದಾಗಲೇ ನಟ್ಟು ಸಡಿಲ ಮಾಡಬೇಕೆಂಬುದು ಅಂದು ತಿಳಿದ ಜ್ಞಾನ. ಎರಡನೆಯ ದಿನ ಕೈಗೆ ಬಗ್ಗದ ನಟ್ಟಿಗೆ ಸ್ಪ್ಯಾನರು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಕುಣಿದೆ. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ಜಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಮೂರನೆಯ ದಿನ ಒಂದು ನಟ್ಟು ಚರಂಡಿಗೆ ಉರುಳಿತು. ನಾಲ್ಕನೆಯ ದಿನ ಅವಳೇ ಎದ್ದು ಬಂದು ಸೆರಗು ಒಡ್ಡಿ ನಿಂತಳು. ನಾನು ಬಿಚ್ಚಿದ ನಟ್ಟುಗಳನ್ನು ಒಂದೊಂದಾಗಿ ಅದರಲ್ಲಿ ಹಾಕಿದೆ, ಅವಳು ಒಂದೊಂದಾಗಿ ವಾಪಸ್ಸು ಕೊಟ್ಟಳು. ಆ ಹದಿನೈದು ನಿಮಿಷ ಇಬ್ಬರೂ ಮದುವೆಯ ಮಾತೆತ್ತಲಿಲ್ಲ.

ಮದುವೆಯ ಹಿಂದಿನ ಸಂಜೆ ಕಾರು ಒರೆಸುತ್ತಿದ್ದೆ. ಅವಳು ಬಾಗಿಲಿನಿಂದಲೇ ಕೇಳಿದಳು.

"ನಾಳೀಕೆ ಎಷ್ಟೊತ್ಗೆ ಹೊರಡಾನ?"

ಬಸ್ಸಿಗೆ ಹೋಗುವವಳು ನನ್ನನ್ನು ಹೊತ್ತು ಕೇಳುವುದಿಲ್ಲ. ನಾನು ಐದಕ್ಕೆ ಅಂದೆ. ಒರೆಸಿ ಆಗಿದ್ದ ಬಾಗಿಲನ್ನೇ ಸಂತೋಷಕ್ಕೆ ಮತ್ತೊಂದು ಸಲ ಒರೆಸಿದೆ.

ದಾರಿಯಲ್ಲಿ ಏನೂ ಆಗಲಿಲ್ಲ. ಚಕ್ರ ಬಿಚ್ಚುವ ವಿದ್ಯೆ ತೋರಿಸಲು ಒಂದು ಪಂಕ್ಚರಾದರೂ ಆಗಬಾರದೇ ಎಂದು ಡೆಂಕಣಿಕೋಟೆ ದಾಟಿದ ಮೇಲೆ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಮುಹೂರ್ತಕ್ಕೆ ಎರಡು ಗಂಟೆ ಇರುವಾಗಲೇ ತಳಿ ತಲುಪಿದೆವು. ಚಪ್ಪರದ ಕೆಳಗೆ ಕಳಸ ಹಿಡಿದು ಹೆಣ್ಣಿನ ಮುಂದೆ ನಡೆದ ಜಯಮ್ಮನನ್ನು ಫೋಟೋದವನು ಹತ್ತು ಸಲ ತೆಗೆದ. ಹತ್ತು ಸಲವೂ ನಾನು ಅವನ ಹಿಂದೆಯೇ ನಿಂತು ನೋಡಿದೆ.

ಮಧ್ಯಾಹ್ನ ಊಟ ಮುಗಿಸಿ ಹೊರಟಾಗ ಬಸ್‌ಸ್ಟಾಪಿನಲ್ಲಿ ಅವಳ ಚಿಕ್ಕಮ್ಮನೂ ಚಿಕ್ಕಮ್ಮನ ಸೊಸೆಯೂ ಕೆಲಮಂಗಲದ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ಜಯಮ್ಮ ಕಾರು ನಿಲ್ಲಿಸಲು ಹೇಳಿದಳು. ಬಸ್ಸು ನಂಬಿಕೊಂಡು ಕೂತರೆ ಇವತ್ತು ಮನೆ ಸೇರಿದಂತೆಯೇ, ಬನ್ನಿ ಎಂದು ಅವರಿಬ್ಬರನ್ನೂ ಒಳಗೆ ಕೂರಿಸಿದಳು. ಅವರ ಚೀಲ, ತಾಂಬೂಲ, ತೋಟದಿಂದ ಕೊಟ್ಟ ಕೋಸು ಎಲ್ಲವೂ ಡಿಕ್ಕಿಗೆ ಹೋದವು. ಅಲ್ಲಿ ಈಗ ಜಾಗವಿತ್ತು. ನಾಲ್ಕು ಜನರ ಭಾರಕ್ಕೆ ದಿಣ್ಣೆ ಹತ್ತುವಾಗ ಎಡಗಡೆ ಚಕ್ರದ ಹತ್ತಿರ ಎಲ್ಲೋ ಟಕ್ ಟಕ್ ಎಂದು ಒಂದು ಹೊಸ ಸದ್ದು ಶುರುವಾಯಿತು. ಹಿಂದಿನ ಸೀಟಿನವರು ಮದುವೆಯ ಒಬ್ಬಟ್ಟಿನ ಮಾತಿನಲ್ಲಿದ್ದರು. ನಾನು ಏನೂ ಆಗದವನಂತೆ ರಸ್ತೆಯನ್ನೇ ನೋಡುತ್ತಾ ಸ್ಟೇರಿಂಗ್ ಹಿಡಿದಿದ್ದೆ.

ಜಯಮ್ಮ ನನ್ನ ಕಡೆ ತಿರುಗದೆ, ನನಗೆ ಮಾತ್ರ ಕೇಳಿಸುವಂತೆ ಅಂದಳು: "ನಂಗೂ ಕೇಳಿಸ್ತು. ನೀವು ಓಡ್ಸಿ."