ತಳ್ಳಿದವರ ಕಡೆಯಿಂದ ಕಾರು

ನಮ್ಮ ಓಣಿಯ ಮೆಕ್ಯಾನಿಕ್‌ಗೆ ನಾನು ನಮಸ್ಕಾರ ಮಾಡುವುದಿಲ್ಲ. ಆರು ವರ್ಷಗಳ ಹಿಂದೆ ಆತ ನನ್ನ ಹಳೆಯ ಕಾರಿನ ಬಾನೆಟ್ ಎತ್ತಿ, ಒಳಗೆ ಇಣುಕಿ, ಹೆಣದ ಮುಖಕ್ಕೆ ಬಟ್ಟೆ ಮುಚ್ಚುವವನಂತೆ ಅದನ್ನು ಮೆಲ್ಲಗೆ ಇಳಿಸಿ, “ಗುಜರಿಗಿ ಹಾಕಿಬಿಡ್ರಿ ಸರ” ಎಂದಿದ್ದ. ಆತ ಅದನ್ನು ಮರೆತಿದ್ದಾನೆ. ಅಪಮಾನದ ಲಕ್ಷಣವೇ ಅದು: ಮಾಡಿದವನಿಗೆ ನೆನಪಿರುವುದಿಲ್ಲ, ಆದವನೇ ಅದನ್ನು ಜೋಪಾನ ಮಾಡಬೇಕಾಗುತ್ತದೆ.

ಅಂದಿನಿಂದ ದುರಸ್ತಿಯನ್ನು ನಾನೇ ಕೈಗೆತ್ತಿಕೊಂಡೆ. ಮೊದಲು ಎದುರಾದದ್ದು ತುಕ್ಕು. ಬಾದಾಮಿಯ ಕಲ್ಲು ಶತಮಾನಗಳಿಂದ ಕೂತಲ್ಲೇ ಕೂತಿದೆ. ಕಬ್ಬಿಣಕ್ಕೆ ಆ ತಾಳ್ಮೆಯಿಲ್ಲ. ಮಣ್ಣಿನಿಂದ ಬಂದದ್ದು ಮತ್ತೆ ಮಣ್ಣಾಗಲು ಹೊರಟುನಿಲ್ಲುತ್ತದೆ. ತುಕ್ಕೆಂದರೆ ಕಬ್ಬಿಣದ ತವರಿನ ಹಂಬಲ. ಅದನ್ನು ಕೆರೆದೆ, ತಗಡಿಗೆ ಬೆಸುಗೆ ಹಾಕಿಸಿದೆ, ಕಾರ್ಬ್ಯುರೇಟರನ್ನು ಪೆಟ್ರೋಲಿನಲ್ಲಿ ತೊಳೆದೆ, ಹೊಸ ಬ್ಯಾಟರಿ ಕೂಡಿಸಿದೆ. ಬಿಚ್ಚಿದ ಒಂದೊಂದು ನಟ್ಟನ್ನೂ ಕರದಂಟಿನ ಖಾಲಿ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಟ್ಟೆ. ಬೀಗರೊಬ್ಬರು ಗ್ರೀಸು ಹತ್ತಿದ ನಟ್ಟೊಂದನ್ನು ಖರ್ಜೂರವೆಂದು ತುಟಿಯವರೆಗೆ ಒಯ್ದದ್ದು ನನ್ನ ತಪ್ಪಲ್ಲ, ಚೀಟಿ ಓದಬೇಕಿತ್ತು.

ಇಷ್ಟೆಲ್ಲ ಶ್ರಮದ ಗುರಿ ಒಂದೇ: ನನ್ನ ಹೆಂಡತಿ ಮತ್ತೆ ಆ ಕಾರಿನಲ್ಲಿ ಕೂಡಬೇಕು. ಆರು ವರ್ಷಗಳಿಂದ ಆಕೆ ತನ್ನ ತವರಾದ ಇಳಕಲ್ಲಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದಾಳೆ.

ಕಾರಣ ಹೇಳಬೇಕು. ಆಗೊಮ್ಮೆ ಇಬ್ಬರೂ ಅಲ್ಲಿಂದ ಮರಳುವಾಗ ಹುನಗುಂದದ ಬಳಿ ಕಾರು ನಿಂತಿತು. ತವರಿನಲ್ಲಿ ಉಡಿಸಿದ ಹೊಸ ಸೀರೆಯಲ್ಲೇ ಆಕೆ ಇಳಿದು ತಳ್ಳಿದಳು. ಎಂಜಿನ್ ಹಿಡಿಯಿತು. ನಿಲ್ಲಿಸಿದರೆ ಮತ್ತೆ ಆರುತ್ತದೆಂದು ನಾನು ನಿಲ್ಲಿಸಲಿಲ್ಲ. ಬಾಗಲಕೋಟೆಯ ಮನೆಯಲ್ಲೇ ನಿಲ್ಲಿಸಿದೆ. ಇದನ್ನು ನಾನು ತಾಂತ್ರಿಕ ಅನಿವಾರ್ಯತೆ ಎನ್ನುತ್ತೇನೆ. ಬಸ್ಸಿನಲ್ಲಿ ಬಂದಿಳಿದ ಆಕೆ, “ಕಾರ್ ಅರಾಮ ಮುಟ್ಟಿತೇನ್ರಿ?” ಎಂದು ಇಡೀ ಓಣಿಗೆ ಕೇಳುವಂತೆ ವಿಚಾರಿಸಿದ್ದು ನನಗಾದ ಅಪಮಾನಗಳಲ್ಲಿ ಅಗ್ರಗಣ್ಯವಾದದ್ದು. ಮೆಕ್ಯಾನಿಕ್ ಗುಜರಿಯ ಮಾತಾಡಿದ್ದು ಅದರ ಮರುದಿನ.

ಕಳೆದ ತಿಂಗಳು ಆಕೆಯ ತಂಗಿಯ ಬಸುರಿ ಮಗಳಿಗೆ ಇಳಕಲ್ಲಿನಲ್ಲಿ ಕುಬಸವಿತ್ತು. ಹಿಂದಿನ ಸಂಜೆ ಕಾರನ್ನು ಒರೆಸಿ ಬಾಗಿಲು ತೆರೆದೆ.

“ಕೀಲಿ ತಿರುವಿದರ ಸಾಕು, ಚಾಲೂ ಆಗ್ತದ. ಒಂದ್ ಸಲ ಕೂತು ನೋಡು.”

“ಕೂಡ್ತೇನಿ. ಆದರ ಚಾಲೂ ಮಾಡಬ್ಯಾಡ್ರಿ. ದಬ್ಬರಿ.”

“ಕೆಟ್ಟಿಲ್ಲಲಾ ಅದು!”

“ಕೆಟ್ಟಿಲ್ಲಂದ್ರ ಭಾಳ ಛಲೋ ಆತು. ದಬ್ಬರಿ ಅಂದೆ.”

ಸ್ಕೂಟರ್ ಓಡಿಸಿ ರೂಢಿಯಿರುವ ಆಕೆ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಳು. ಎಲ್ಲ ಭಾಗಗಳೂ ಸರಿಯಿದ್ದ ಕಾರನ್ನು ನಾನು ಓಣಿಯುದ್ದಕ್ಕೂ ತಳ್ಳಿದೆ. ಮೆಕ್ಯಾನಿಕ್ ಓಡಿಬಂದ. “ಕೈ ಹಚ್ಚಲೇನ್ರಿ ಸರ?”

“ಬ್ಯಾಡೋ ತಮ್ಮಾ, ಅವರೊಬ್ಬರ ಸಾಕು,” ಎಂದಳು ಕಿಟಕಿಯಿಂದ. “ಗುಡಿ ತನಕ ಅಷ್ಟ.”

ಬಗ್ಗಿ ತಳ್ಳುವಾಗ ಒಂದು ಸಂಗತಿ ಕಂಡಿತು. ಆ ಕಾರಿನ ನಟ್ಟು ನಟ್ಟನ್ನೂ ಬಲ್ಲ ನನಗೆ, ಅದರ ಹೊಗೆಯ ಕೊಳವೆ ತಳ್ಳುವವರ ಕಾಲಿಗೇ ಗುರಿಯಿಟ್ಟಿದೆ ಎಂಬುದು ಅಂದಿನವರೆಗೆ ತಿಳಿದಿರಲಿಲ್ಲ. ಹುನಗುಂದದಲ್ಲಿ ಎಂಜಿನ್ ಹಿಡಿದಾಗ ಮೊದಲ ಹೊಗೆಯೆಲ್ಲ ಆಕೆಯ ಹೊಸ ಸೀರೆಗೇ ಹೋಗಿರಬೇಕು. ಆರು ವರ್ಷಗಳಲ್ಲಿ ಆಕೆ ಅದನ್ನು ಒಮ್ಮೆಯೂ ಆಡಿರಲಿಲ್ಲ. ಅಪಮಾನವನ್ನು ಜೋಪಾನ ಮಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ನನ್ನ ಮನೆಯಲ್ಲೇ ಇದ್ದರು.

ಮರುದಿನ ಆಕೆ ನನ್ನ ಪಕ್ಕದಲ್ಲಿ ಕೂತು ಇಳಕಲ್ಲಿಗೆ ಹೊರಟಳು. ಅಮೀನಗಡದಲ್ಲಿ ಕರದಂಟು ಕೊಳ್ಳಲು ಕಾರು ನಿಲ್ಲಿಸಿದೆ. ಆಕೆ ಇಳಿಯುವ ಮೊದಲು ಕೈಚಾಚಿ, ಕೀಲಿ ಕಿತ್ತು, ಪರ್ಸಿಗೆ ಹಾಕಿಕೊಂಡು ಅಂಗಡಿಯತ್ತ ನಡೆದಳು. ಇದನ್ನು ಅಪಮಾನವೆಂದು ಪರಿಗಣಿಸಬೇಕೋ ಬೇಡವೋ ಎಂದು ನಾನು ಯೋಚಿಸುತ್ತ ಕೂತೆ. ಯೋಚಿಸಲು ಆಕೆ ನನಗೆ ಬೇಕಾದಷ್ಟು ಹೊತ್ತು ಕೊಟ್ಟಳು.