ಗಂಗಮ್ಮನವರ ಅಟ್ಟದ ರೂಮು

ಪಾರ್ವತಿ, ಆ ಸುಳ್ಳು ಹೇಳಿದವನು ನಾನು. ತಿಪಟೂರಿನ ಗಂಗಮ್ಮನವರಲ್ಲ. ನಿನಗೂ ನನಗೂ ಮದುವೆ ಗೊತ್ತಾಗಿದೆ ಎಂಬ ಮಾತು ಮೊದಲು ಹುಟ್ಟಿದ್ದು ನನ್ನ ಬಾಯಲ್ಲಿ — ಅದೂ ಪ್ರೀತಿಯಿಂದಲ್ಲ, ನಿನ್ನ ಮೇಲಿನ ಆಸೆಯಿಂದಲ್ಲ, ಬಾಡಿಗೆಗೆ ಸಿಗಬಹುದಾಗಿದ್ದ ಒಂದು ರೂಮಿಗಾಗಿ. ನಲವತ್ತು ವರ್ಷಕ್ಕೂ ಮೇಲಾಯಿತು, ಇದನ್ನು ಯಾರಿಗೂ ಹೇಳಿಲ್ಲ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡದೆ ಬರೆಯುತ್ತೇನೆ. ನಿನ್ನ ಮಕ್ಕಳು ಸೊಸೆಯಂದಿರೂ ಕೇಳಲಿ.

ಎಮರ್ಜೆನ್ಸಿ ಮುಗಿದ ಮಾರನೆಯ ವರ್ಷ. ನಾನು ಬಿ.ಎ. ಎರಡನೇ ವರ್ಷಕ್ಕೆ ಕಾಲಿಟ್ಟಿದ್ದೆ. ಮೊದಲ ವರ್ಷವೆಲ್ಲ ಶೆಟ್ಟಿಕೆರೆಯಿಂದ ತಿಪಟೂರಿಗೆ ಬಸ್ಸಿನಲ್ಲೇ ಓಡಾಟ. ಬಸ್ಸಿನಲ್ಲಿ ಎಂದರೆ ಬಸ್ಸಿನ ಹಿಂದಿನ ಏಣಿಯ ಮೇಲೆ. ನಾನು ಕಾಲೇಜು ಮುಟ್ಟುವ ಹೊತ್ತಿಗೆ ತಲೆ, ಹುಬ್ಬು, ಮೀಸೆ ಎಲ್ಲ ಕೆಂಧೂಳು. ಇತಿಹಾಸದ ಮೇಷ್ಟ್ರು ಹಾಜರಿ ಕೂಗುವ ಮುಂಚೆ ನನ್ನ ಮುಖ ನೋಡಿ, “ಉತ್ಖನನದಿಂದ ಬಂದ್ಯೇನಪ್ಪಾ?” ಎನ್ನುತ್ತಿದ್ದರು. ಹುಡುಗಿಯರ ಬೆಂಚು ನಗುತ್ತಿತ್ತು. ಎರಡನೇ ವರ್ಷ ತಿಪಟೂರಿನಲ್ಲೇ ಉಳಿಯಬೇಕೆಂದು ಹಟ ಹಿಡಿದೆ.

ಹಾಸ್ಟೆಲಿಗೆ ಅರ್ಜಿ ಹಾಕಿದೆ. ವಾರ್ಡನ್ನರು ಕನ್ನಡಕ ಏರಿಸಿಕೊಂಡು, “ನಿಮ್ಮೂರಿಗೆ ಬಸ್ಸೈತಲ್ಲಾ? ಬಸ್ಸಿಲ್ದೂರೋರಿಗೇ ಇಲ್ಲಿ ಜಾಗ ಇಲ್ಲ,” ಎಂದು ಅರ್ಜಿ ವಾಪಸ್ಸು ಕೊಟ್ಟರು. ಆಮೇಲೆ ಕೊಬ್ಬರಿ ಮಂಡಿಯ ಹಿಂದಿನ ಓಣಿಯಲ್ಲಿ ಆರು ಜನ ಹುಡುಗರಿದ್ದ ಒಂದು ಕೋಣೆ ಸೇರಿದೆ. ನಾನು ಏಳನೆಯವನು. ಒಬ್ಬ ಮಗ್ಗುಲು ಬದಲಿಸಬೇಕೆಂದರೆ ಏಳೂ ಜನ ಒಮ್ಮತಕ್ಕೆ ಬಂದು ಒಟ್ಟಿಗೆ ಹೊರಳಬೇಕು. ಅವರಲ್ಲಿ ಒಬ್ಬ ಕುಸ್ತಿ ಕಲಿಯುತ್ತಿದ್ದ. ಕಲಿತ ಪಟ್ಟುಗಳನ್ನು ಮರೆಯದಿರಲಿ ಎಂದು ನಮ್ಮ ಮೇಲೆ ರೂಢಿ ಮಾಡುತ್ತಿದ್ದ. ಒಂಬತ್ತನೇ ದಿನ ಟ್ರಂಕು ಹೊತ್ತುಕೊಂಡು ಹೊರಬಿದ್ದೆ. ದೂರದ ನೆಂಟರ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅಲ್ಲಿಯ ತಾತನಿಗೆ ದಿನಾ ಪೇಪರು ಓದಿ ಹೇಳಬೇಕು. ಸತ್ತವರ ಸುದ್ದಿ ಮಾತ್ರ. ಸತ್ತವರು ಕಡಿಮೆ ಇದ್ದ ದಿನ ಅವರಿಗೆ ನನ್ನ ಓದಿನ ಮೇಲೇ ಅನುಮಾನ.

ಆಗ ಯಾರೋ ಗಂಗಮ್ಮನವರ ಮನೆ ಹೇಳಿದರು.

ಅವರ ಯಜಮಾನರು ಕೊಬ್ಬರಿ ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದರು. ಮನೆಯಲ್ಲಿ ಗಂಗಮ್ಮ, ಹೈಸ್ಕೂಲು ಓದುವ ಇಬ್ಬರು ಹೆಣ್ಣುಮಕ್ಕಳು. ಮೇಲಿನ ಅಟ್ಟದಲ್ಲಿ ಅರ್ಧ ಭಾಗ ಕೊಬ್ಬರಿಯಾಗಲು ಹರಡಿದ್ದ ಕಾಯಿ. ಇನ್ನರ್ಧಕ್ಕೆ ಹಲಗೆ ಹೊಡೆದು ಮಾಡಿದ ರೂಮು. ಗಾಳಿ, ಬೆಳಕು, ಒಂದು ಮಂಚ, ರಸ್ತೆಗೆ ತೆರೆಯುವ ಕಿಟಕಿ. ನಾನೊಬ್ಬನೇ! ಪಕ್ಕದಲ್ಲಿ ಇಲಿ ಓಡಿದಾಗ ಒಣಗಿದ ಕಾಯಿಗಳು ಲಟಲಟ ಉರುಳುತ್ತಿದ್ದವು, ನಿಜ — ಕುಸ್ತಿಗಿಂತ ಮೇಲು.

ಗಂಗಮ್ಮನವರು ನನ್ನ ಊರು, ಮನೆತನ, ಓದು ಎಲ್ಲ ವಿಚಾರಿಸಿದರು. ಕೊನೆಗೆ ಹೊಸಿಲ ಮೇಲೆ ಕೂತು ಕೇಳಿದರು:

“ಹೆಣ್ಣು ಗೊತ್ತಾಗೈತೇನಪ್ಪಾ?”

ನಾನು ತಬ್ಬಿಬ್ಬಾದೆ. ಅವರೇ ಬಿಡಿಸಿ ಹೇಳಿದರು: “ಬೇಜಾರು ಮಾಡ್ಕಬ್ಯಾಡ. ಮನೇಲಿ ಎರಡು ಹೆಣ್ಣುಮಕ್ಕಳವೆ. ಗೊತ್ತಾಗಿರೋ ಹುಡುಗನಾದ್ರೆ ರೂಮು ಕೊಡ್ತೀನಿ. ಇಲ್ಲಾಂದ್ರೆ ಬುಡು, ಬ್ಯಾರೆ ಕಡೆ ನೋಡ್ಕೊ.”

ನಾನು ಕಿಟಕಿಯ ಕಡೆ ನೋಡಿದೆ. ಮಂಚದ ಕಡೆ ನೋಡಿದೆ. “ಗೊತ್ತಾಗಿದೆ ಕಣಮ್ಮ,” ಎಂದೆ.

“ಯಾರ ಮಗಳು?”

ಇಲ್ಲಿಯೇ, ಪಾರ್ವತಿ — ಇಲ್ಲಿ ನಾನು ಯಾವುದಾದರೂ ಇಲ್ಲದ ಊರಿನ ಇಲ್ಲದ ಹುಡುಗಿಯನ್ನು ಹೇಳಬಹುದಿತ್ತು. ಅಷ್ಟು ಬುದ್ಧಿಯೂ ಓಡಲಿಲ್ಲ. “ಹಾಲ್ಕುರಿಕೆ. ನಮ್ಮ ಸೋದರಮಾವನ ಮಗಳು, ಪಾರ್ವತಿ” ಎಂದುಬಿಟ್ಟೆ. ಸೋದರಮಾವನ ಮಗಳು ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲವಲ್ಲ. ಗಂಗಮ್ಮನವರ ಮುಖ ಅರಳಿತು. ಟ್ರಂಕು ಮೇಲೇರಿತು.

ಸುಳ್ಳು ಅಲ್ಲಿಗೇ ನಿಂತಿದ್ದರೆ... ಆದರೆ ಗಂಗಮ್ಮನವರಿಗೆ ನೀನು ತುಂಬಾ ಹಿಡಿಸಿಬಿಟ್ಟೆ. ದಿನಾ ಬೆಳಿಗ್ಗೆ ನಾನು ನೀರು ಸೇದಲು ಹೋದಾಗ ನಿನ್ನ ಯೋಗಕ್ಷೇಮ ಕೇಳುವರು. ಹುಡುಗಿ ಹಾಡುತ್ತಾಳಾ? ಹಾಡುತ್ತಾಳೆ. ಹೋಳಿಗೆ ಬರುತ್ತದೆಯೇ? ಹಾಳೆಯಂಥ ಹೋಳಿಗೆ. ಕೂದಲು? ಮೊಣಕಾಲಿನವರೆಗೆ. ಆಗ ನಿನ್ನ ಜಡೆ ಹೆಗಲು ದಾಟುತ್ತಿರಲಿಲ್ಲ; ಒಂದೇ ತಿಂಗಳಲ್ಲಿ ನಾನು ಅಷ್ಟುದ್ದ ಬೆಳೆಸಿದೆ.

“ಕಾಗ್ದ ಗೀಗ್ದ ಬರೆಯಲ್ವೇನಪ್ಪಾ ಹುಡುಗಿ?” ಎಂದು ಒಂದು ದಿನ ಕೇಳಿದರು. ಮುಂದಿನ ವಾರ ನಿನ್ನ ಕಾಗದ ಬಂತು. ನಾನೇ ಬರೆದು, ನಾನೇ ಅಂಚೆಗೆ ಹಾಕಿದ್ದು. ಗಂಗಮ್ಮನವರಿಗೆ ಓದು ಬಾರದು; ದೊಡ್ಡ ಮಗಳು ಮಂಗಳ ಗಟ್ಟಿಯಾಗಿ ಓದಿದಳು. ‘ಮನೆಯ ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸುವುದು’ ಎಂಬ ಸಾಲಿಗೆ ಗಂಗಮ್ಮ ಕಣ್ಣು ಒರೆಸಿಕೊಂಡರು. ಮಂಗಳ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಅಮ್ಮಾ, ಪಾರ್ವತಕ್ಕನ ಅಕ್ಷರ ಈ ಅಣ್ಣನ ಅಕ್ಷರದ ತರಾನೇ ಐತೆ” ಎಂದಳು.

ನಾನು ಕಾಗದಕ್ಕೆ ಕೈ ಚಾಚಿದೆ.

“ಗಂಡ ಹೆಂಡ್ತಿ ಆಗೋರು ಕಣೇ,” ಎಂದರು ಗಂಗಮ್ಮ. “ಇನ್ನೇನು ಬ್ಯಾರೆ ಇರ್ತೈತಾ?”

ನಾನು ನಕ್ಕೆ. ಮೇಲೆ ಬಂದು ಬಾಗಿಲು ಹಾಕಿಕೊಂಡು ಇನ್ನೂ ನಕ್ಕೆ. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಗೌರಿ ಹಬ್ಬ ಹತ್ತಿರ ಬಂತು. ಹಾಲ್ಕುರಿಕೆಯಿಂದ ಮಂಡಿಗೆ ಕೊಬ್ಬರಿ ತಂದಿದ್ದ ನಿಮ್ಮೂರಿನವರೊಬ್ಬರ ಕೈಲಿ ಗಂಗಮ್ಮನವರು ನಿನಗೆ ಅರಿಶಿನ, ಕುಂಕುಮ, ರವಿಕೆ ಕಣ, ಎರಡು ಡಜನ್ ಹಸಿರು ಬಳೆ ಕಳಿಸಿದರು. “ನಮ್ಮ ಅಟ್ಟದ ಹುಡುಗನಿಗೆ ಗೊತ್ತಾಗಿರೋ ಹೆಣ್ಣಿಗೆ” ಎಂದು ಹೇಳಿ ಕಳಿಸಿದರು. ನನಗೆ ಹೇಳಲಿಲ್ಲ, ನನಗೆ ನಾಚಿಕೆಯಾದೀತೆಂದು.

ಮುಂದಿನದನ್ನು ನಾನು ಆಮೇಲೆ ನಮ್ಮಮ್ಮನ ಬಾಯಲ್ಲಿ ಕೇಳಿದೆ. ಬಳೆ ನೋಡಿ ನಿಮ್ಮಪ್ಪ ಚನ್ನಬಸವಯ್ಯ ಮಾವ, ತಂಗಿ ತನ್ನನ್ನು ಕೇಳದೆ ಮದುವೆ ನಿಶ್ಚಯ ಮಾಡಿದ್ದಾಳೆ ಎಂದುಕೊಂಡರು. ಸುದ್ದಿ ತಿಳಿದ ನಮ್ಮಮ್ಮ, ಅಣ್ಣ ತನ್ನನ್ನು ಕೇಳದೆ ನಿಶ್ಚಯ ಮಾಡಿದ್ದಾನೆ ಎಂದುಕೊಂಡಳು. ಇಬ್ಬರಿಗೂ ಒಳಗೊಳಗೇ ಸಂತೋಷ, ಹೊರಗೆ ಬಿಗುಮಾನ. ಕೇಳಿದರೆ ಚಿಕ್ಕವರಾಗುತ್ತೇವೆ ಎಂದು ಇಬ್ಬರೂ ಕೇಳಲಿಲ್ಲ. ನಿಮ್ಮಪ್ಪ ಆಗಲೇ ಚಪ್ಪರಕ್ಕೆ ಗಳ ಕಡಿಸಿದ್ದರಂತೆ. ಇದನ್ನು ನೆಂಟರಿಷ್ಟರು ಈಗಲೂ ಹೇಳಿಕೊಂಡು ನಗುತ್ತಾರೆ. ಆದರೆ ಅದೇ ವಾರ ನಡೆದ ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ.

ಅದೇ ವಾರ ನಿನಗೆ ತುಮಕೂರಿನಿಂದ ಕಾಗದ ಬಂದಿತ್ತು. ಟೀಚರ್ ಟ್ರೈನಿಂಗಿಗೆ ಸೀಟು, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜಾಗ. ಹಾಸಿಗೆ, ತಟ್ಟೆ, ಲೋಟ ತರತಕ್ಕದ್ದು. ಗಣೇಶನ ಹಬ್ಬ ಕಳೆದ ಸೋಮವಾರದೊಳಗೆ ಸೇರತಕ್ಕದ್ದು. ಹಾಲ್ಕುರಿಕೆಯಲ್ಲಿ ಅಂಥ ಕಾಗದ ಪಡೆದ ಹುಡುಗಿಯರು ಆಗ ಬೇರೆ ಯಾರಿದ್ದರು? ನಿಮ್ಮಪ್ಪ ಅದನ್ನು ಓದಿ ಮಡಿಚಿಟ್ಟು, “ಮದುವೆ ಆಗೋ ಹುಡುಗೀಗೆ ಇನ್ಯಾತರ ಟ್ರೈನಿಂಗು, ಬುಡು” ಎಂದರಂತೆ.

ನೀನು ಬಿಡಲಿಲ್ಲ. ಅತ್ತೂ ಕರೆದೂ ಅಪ್ಪನನ್ನು ಹೊರಡಿಸಿಕೊಂಡು ತಿಪಟೂರಿಗೆ ಬಂದೆ. ಆ ಶನಿವಾರ ಬೆಳಿಗ್ಗೆ ನಾನು ಕಿಟಕಿಯಲ್ಲಿ ಕೂತು ಕ್ಷೌರ ಮಾಡಿಕೊಳ್ಳುತ್ತಿದ್ದೆ. ಕೆಳಗೆ ನೀವಿಬ್ಬರು! ಗಂಗಮ್ಮನವರು ನಿನ್ನ ಜಡೆ ನೋಡಿ ಒಂದು ಗಳಿಗೆ ಗಲಿಬಿಲಿಗೊಂಡರೂ, “ಮಂಗಳಾ, ಆರತಿ ತಟ್ಟೆ ತಗಂಬಾರೇ!” ಎಂದು ಕೂಗಿಕೊಂಡು ಒಳಗೋಡಿದರು. ನೀನು ಆರತಿಗೆ ನಿಲ್ಲದೆ ನೇರ ಅಟ್ಟದ ಮೆಟ್ಟಿಲು ಹತ್ತಿ ಬಂದೆ. ನಾನು ಅರ್ಧ ಕೆನ್ನೆಗೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಮಾವ ಕೆಳಗಿನ ಮೆಟ್ಟಿಲ ಹತ್ತಿರ.

“ಈ ಮಾತು ನೀನು ಹೇಳಿದ್ದೇನೋ?” ಎಂದು ನೀನು ಕೇಳಿದೆ.

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಸೋಮವಾರಕ್ಕೆ ಇನ್ನೂ ಎರಡು ದಿನ ಇತ್ತು. ಹೌದು, ರೂಮಿಗಾಗಿ ಹೇಳಿದೆ ಎಂದಿದ್ದರೆ ಮಾವ ನನ್ನ ಕೆನ್ನೆಗೆ ಎರಡು ಬಿಟ್ಟು, ಆ ಕೋಪದಲ್ಲೇ ನಿನ್ನನ್ನು ತುಮಕೂರಿಗೆ ಬಿಟ್ಟು ಬರುತ್ತಿದ್ದರು. ಅವರ ಸ್ವಭಾವ ಅಂಥದೇ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ನಿನ್ನ ಹಾಸ್ಟೆಲಲ್ಲ. ಆ ಏಳು ಜನರ ಕೋಣೆ, ಆ ಕುಸ್ತಿಯವನು.

“ನಾನಲ್ಲ ಕಣೇ,” ಎಂದೆ. “ಆ ಯಮ್ಮನೇ ಏನೋ ಕಲ್ಪನೆ ಮಾಡ್ಕಂಡೌಳೆ. ನಂಗೇನೂ ಗೊತ್ತಿಲ್ಲ.”

ಅಷ್ಟು ಹೊತ್ತಿಗೆ ಗಂಗಮ್ಮನವರು ಆರತಿ ತಟ್ಟೆ ಹಿಡಿದು ಮೆಟ್ಟಿಲ ಬುಡಕ್ಕೆ ಬಂದಿದ್ದರು. ಪ್ರತಿ ಮಾತೂ ಅವರಿಗೆ ಕೇಳಿಸಿತು. ನೀನು ನನ್ನ ಕಡೆ ತಿರುಗಿದ್ದೆ, ಅವರ ಮುಖ ನೋಡಲಿಲ್ಲ. ನಾನು ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು — ಸಿಟ್ಟಿನಿಂದಲ್ಲ, ಗುರುತು ಸಿಗದವರನ್ನು ನೋಡುವಂತೆ. ಹಿಂದೆ ನಿಂತ ಮಂಗಳ ಬಾಯಿ ತೆರೆದಳು. ಗಂಗಮ್ಮ ಮೊಣಕೈಯಲ್ಲಿ ಅವಳನ್ನು ತಿವಿದರು. ಆಮೇಲೆ ಮಾವನ ಕಡೆ ತಿರುಗಿ ಹೇಳಿದರು:

“ತೆಪ್ಪು ನಂದೇ ಕಣಪ್ಪ. ನಾನೇ ಏನೋ ತಿಳ್ಕಂಡು ಏನೋ ಆಡ್ಬುಟ್ಟೆ. ಹೆಣ್ಮಗೀನ ಹೆಸರು ಕೆಡಿಸ್ದೆ. ಹೊಟ್ಟೆಗಾಕ್ಕೊ.”

ಮಾವ ಬಾಯಿಗೆ ಬಂದಂತೆ ಬೈದರು. ಗಂಗಮ್ಮ ತಟ್ಟೆ ಹಿಡಿದುಕೊಂಡೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಮಾವನಿಗೆ ಅವಮಾನ ಎಷ್ಟಾಯಿತೆಂದರೆ ಮಗಳನ್ನು ಮತ್ತೆ ಊರು ದಾಟಿಸಲು ಒಪ್ಪಲಿಲ್ಲ. ಪಟ್ಟಣದ ಜನರ ಬಾಯಿಗೆ ಇನ್ನೊಮ್ಮೆ ಬೀಳುವುದು ಬೇಡ ಎಂದರು. ಸೋಮವಾರ ಕಳೆಯಿತು. ಮರುವರ್ಷ ನಿನ್ನನ್ನು ಅರಳಗುಪ್ಪೆಗೆ ಕೊಟ್ಟರು.

ಗಂಗಮ್ಮನವರು ನನ್ನಿಂದ ರೂಮು ಬಿಡಿಸುತ್ತಾರೆ ಎಂದುಕೊಂಡಿದ್ದೆ. ಬಿಡಿಸಲಿಲ್ಲ. ಆ ದಿನವೂ ಮಂಗಳನ ಕೈಲಿ ಉಪ್ಪಿಟ್ಟು ಕಳಿಸಿದರು. ಆದರೆ ಅಲ್ಲಿಂದ ನಾನು ಓದು ಮುಗಿಸುವವರೆಗೂ, ಎರಡು ವರ್ಷ, ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾವಿಕಟ್ಟೆಯಲ್ಲಿ ಎದುರಾದರೆ ಕೊಡ ಎತ್ತಿಕೊಂಡು ದಾರಿ ಬಿಡುವರು. ಯಾಕೆ ನನ್ನ ತಪ್ಪು ಹೊತ್ತುಕೊಂಡಿರಿ ಎಂದು ಕೇಳಲು ಎಷ್ಟೋ ಸಲ ಮೆಟ್ಟಿಲು ಇಳಿದೆ, ಎಷ್ಟೋ ಸಲ... ಕೇಳಲಿಲ್ಲ. ಈಗ ಅವರಿಲ್ಲ.

ಓದಿ ನಾನೇನಾದೆ ಎಂಬುದು ನಿನಗೆ ಗೊತ್ತು. ಮೇಷ್ಟ್ರಾದೆ. ಹೆಡ್ಮಾಸ್ಟರಾಗಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ನೀನೂ ಬಂದಿದ್ದೆ, ಶಾಲು ಹೊದಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ನಿನ್ನ ಮನೆಯ ಜಗಲಿಯ ಮೇಲೆ ಊರಿನ ಮಕ್ಕಳಿಗೆ ನೀನು ಮಗ್ಗಿ ಹೇಳಿಕೊಡುವುದನ್ನು ನಾನು ನೋಡಿದ್ದೇನೆ. ಮೂವತ್ತು ವರ್ಷ ಸಂಬಳದ ಕೆಲಸ ಮಾಡಿದ ನನ್ನ ಮುಂದೆ ಯಾವ ತರಗತಿಯೂ ಹಾಗೆ ಕಿವಿಗೊಟ್ಟು ಕೂತಿರಲಿಲ್ಲ.

ಹೋದ ತಿಂಗಳು ನಿನ್ನ ಮೊಮ್ಮಗಳ ನಾಮಕರಣದಲ್ಲಿ ಊಟದ ಪಂಕ್ತಿಗೆ ನೀನು ಈ ಕತೆ ಹೇಳಿದೆ. ಹಸಿರು ಬಳೆ, ಚಪ್ಪರದ ಗಳ, ನನ್ನ ಸೋಪಿನ ಕೆನ್ನೆ — ಎಲೆಯ ಮುಂದೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. “ಆ ತಿಪಟೂರು ಮುದುಕಿ ನಾಲ್ಗೆಗೆ ಬರೆ ಹಾಕ್ಬೇಕಾಗಿತ್ತು ಕಣ್ರೀ” ಎಂದೆ ನೀನು. ನಾನೂ ನಕ್ಕೆ, ಪಾಯಸ ನೆತ್ತಿಗೇರುವಷ್ಟು ನಕ್ಕೆ. ನೀನೇ ನೀರು ಕೊಟ್ಟೆ. ಆಮೇಲೆ ಎಲೆ ಎತ್ತುವಾಗ, ಯಾರಿಗೂ ಅಲ್ಲ, ನಿನಗೆ ನೀನೇ ಹೇಳಿಕೊಂಡಂತೆ ಅಂದೆ: “ಆ ಹಾಸ್ಟೆಲ್ ಕಾಗ್ದ ಇನ್ನೂ ಪೆಟ್ಟಿಗೇಲೈತೆ. ಹದಿನೇಳನೇ ನಂಬರ್ ಮಂಚ. ಅದು ಕಿಟಕಿ ಪಕ್ಕ ಇತ್ತೋ ಏನೋ.”

ಅಂದಿನಿಂದ ನನಗೆ ಆ ಮಂಚ ಬಿಟ್ಟು ಬೇರೇನೂ ತೋಚುತ್ತಿಲ್ಲ.

ಹುಡುಗುಬುದ್ಧಿ ಎಂದು ಬರೆಯಲು ಹೋಗಿ ಹೊಡೆದುಹಾಕಿದ್ದೇನೆ. ಹತ್ತೊಂಬತ್ತು ವರ್ಷದವನದು ಹುಡುಗುಬುದ್ಧಿ ಇರಬಹುದು. ಅರವತ್ತು ದಾಟಿದವನು ಪಂಕ್ತಿಯಲ್ಲಿ ಕೂತು ನಕ್ಕದ್ದಕ್ಕೆ ಏನೆನ್ನಲಿ?

ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಅರಳಗುಪ್ಪೆಗೆ ಬರುತ್ತೇನೆ. ನಿನ್ನ ಯಜಮಾನರು, ಮಕ್ಕಳು, ಸೊಸೆಯಂದಿರು ಎಲ್ಲರನ್ನೂ ಕರೆಸಿ, ಅವರೆದುರು ನಾನೇ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಗಂಗಮ್ಮನವರ ಮಗಳು ಮಂಗಳ ತಿಪಟೂರಿನಲ್ಲೇ ಇದ್ದಾಳೆ. ವಿಚಾರಿಸಿ ಅವಳ ಮನೆ ಪತ್ತೆ ಮಾಡಿದ್ದೇನೆ. ನಿನ್ನ ಮುಂದೆ ಓದಿದ ಮೇಲೆ ಅಲ್ಲಿಗೆ ಹೋಗುತ್ತೇನೆ. ನಾನೊಬ್ಬನೇ ಹೋಗುತ್ತೇನೆ. ಆದರೆ ಬಾಗಿಲಲ್ಲಿ ನಿಂತು ಹೇಳಬೇಕಾದ ಮೊದಲ ಮಾತು ಯಾವುದೆಂದು ನನಗಿನ್ನೂ ಗೊತ್ತಿಲ್ಲ.